ಕಿಟಕಿಯಾಚೆಯ ಬೆಕ್ಕು

ಬೆಕ್ಕು ನಮಗೆಲ್ಲ ಚಿರಪರಿಚಿತವಾದ ಪ್ರಾಣಿ. ನಾಯಿಯನ್ನು ಅಂಗಳದಲ್ಲಿಯೂ ಹಸುವನ್ನು ಕೊಟ್ಟಿಗೆಯಲ್ಲಿಯೂ ಇರಿಸಿ ಸಾಕಿದ ನಮ್ಮ ಹಿರಿಯರು ಬೆಕ್ಕಿಗೆ ಮಾತ್ರ ಅಡುಗೆಮನೆಯ ಒಲೆಯ ಪಕ್ಕದಲ್ಲಿಯೇ ಎಡೆಗೊಟ್ಟರು. ನಮ್ಮ ಗಾದೆಗಳಲ್ಲಿ ಅದು ತೊಟ್ಟಿರುವ ವೇಷಗಳು ಒಂದೆರಡಲ್ಲ. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಕಪಟಿ ಅದು. ಕೊರಳಿಗೆ ಗಂಟೆ ಕಟ್ಟಲು ಯಾರೂ ಮುಂದೆ ಬಾರದ ಬಲಶಾಲಿ ಅದು. ಇಲಿಯ ಪ್ರಾಣಸಂಕಟವನ್ನು ತನ್ನ ಚೆಲ್ಲಾಟವಾಗಿಸಿಕೊಂಡ ನಿರ್ದಯಿಯೂ ಅದೇ. ಇಷ್ಟು ಹತ್ತಿರದ ಪ್ರಾಣಿಯ ಸ್ವಭಾವವನ್ನು ನಾವು ಚೆನ್ನಾಗಿ ಬಲ್ಲೆವೆಂದೇ ತಿಳಿದಿರುತ್ತೇವೆ. ಆದರೆ ಅದೇ ಬೆಕ್ಕು ಒಂದು ದಿನ ಇದ್ದಕ್ಕಿದ್ದಂತೆ ಮನೆಯವರ ಮೇಲೆಯೇ ಎರಗಿದರೆ, ನಮ್ಮ ತಿಳಿವಳಿಕೆ ಎಷ್ಟು ಮೇಲುಮೇಲಿನದೆಂಬುದು ಆಗ ಮನವರಿಕೆಯಾಗುತ್ತದೆ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಬಸವೇಶ್ವರನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನ. ಅದರಲ್ಲಿ ಮೂರು ಅಂತಸ್ತಿನ ಕಟ್ಟಡ. ಮೇಲಿನ ಅಂತಸ್ತಿನಲ್ಲಿ ವಾಸವಾಗಿರುವ ಸಂಸಾರ ಒಂದು ಹೆಣ್ಣು ಬೆಕ್ಕನ್ನು ಸಾಕಿಕೊಂಡಿದೆ. ಮರಿಯಾಗಿದ್ದಾಗ ಬಂದ ಆ ಬೆಕ್ಕು ಮನೆಯ ಹೊಸ್ತಿಲನ್ನು ದಾಟಿದುದೇ ಇಲ್ಲ. ಬೆಳಗಿನ ಬಿಸಿಲಿಗೆ ಮೈಯೊಡ್ಡಿ, ಸಂಜೆ ಬೀದಿಯ ಹಕ್ಕಿಗಳನ್ನು ನೋಡುತ್ತ, ಕಿಟಕಿಯ ಕಟ್ಟೆಯ ಮೇಲೆ ಕಾಲ ಕಳೆಯುವುದು ಅದರ ಪದ್ಧತಿ. ಒಂದು ಸಂಜೆ ಪಕ್ಕದ ಮನೆಯ ಸಜ್ಜದ ಮೇಲೆ ಅಪರಿಚಿತವಾದ ಗಂಡು ಬೆಕ್ಕೊಂದು ಬಂದು ಕುಳಿತಿತು. ಮನೆಯ ಬೆಕ್ಕು ನಿಶ್ಚಲವಾಯಿತು. ಅನಂತರ ಬಾಲವನ್ನು ಅತ್ತಿತ್ತ ಬಡಿಯುತ್ತ, ಹಿಂದೆಂದೂ ಹೊರಡಿಸದ ಒಂದು ಘೋರವಾದ ಧ್ವನಿಯನ್ನು ಹೊರಡಿಸಿತು. ಮನೆಯ ಬಾಲಕ ಅದನ್ನು ಸಮಾಧಾನಪಡಿಸಲೆಂದು ಹಿಂದಿನಿಂದ ಹೋಗಿ ಎತ್ತಿಕೊಂಡ. ಮರುಕ್ಷಣದಲ್ಲಿ ಅವನ ತೋಳಿನ ಮೇಲೆ ಉಗುರಿನ ನಾಲ್ಕು ಗೆರೆಗಳೂ ಹಲ್ಲಿನ ಎರಡು ಗುರುತುಗಳೂ ಮೂಡಿದವು. ಹಿರಿಯರಿಗೆ ಕೋಪ ಬಂತು. “ಉಂಡ ಮನೆಗೆ ಎರಡು ಬಗೆಯುವ ಜಂತು ಇದು. ನಾಳೆಯೇ ಇದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಕೆಂಗೇರಿಯಾಚೆ ಬಿಟ್ಟು ಬರೋಣ” ಎಂದು ತೀರ್ಮಾನವಾಯಿತು.

ಇಂಥ ತೀರ್ಮಾನಗಳು ಎಷ್ಟೋ ಮನೆಗಳಲ್ಲಿ ಆಗುತ್ತವೆ. ತೀರ್ಪು ಜಾರಿಗೆ ಬರುವ ಮೊದಲು ಅಪರಾಧಿಯ ಪಕ್ಷವನ್ನೂ ವಿಚಾರಿಸುವುದು ನ್ಯಾಯದ ಕ್ರಮ. ಬೆಕ್ಕಿಗೆ ಮಾತು ಬಾರದು. ಆದುದರಿಂದ ಅದರ ಪರವಾಗಿ ನಾವೇ ವಿಚಾರಿಸಬೇಕು.

ಮನೆಯ ಬೆಕ್ಕುಗಳ ಮೂಲ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳಲ್ಲಿ ಇಂದಿಗೂ ಇರುವ ಒಂದು ಬಗೆಯ ಕಾಡುಬೆಕ್ಕು. ಸುಮಾರು 10,000 ವರ್ಷಗಳ ಹಿಂದೆ ಮಾನವನು ಧಾನ್ಯವನ್ನು ಬೆಳೆದು ಕೂಡಿಡಲು ತೊಡಗಿದಾಗ ಕಣಜಗಳಿಗೆ ಇಲಿಗಳು ಮುತ್ತಿದವು. ಇಲಿಗಳನ್ನು ಅರಸುತ್ತ ಕಾಡುಬೆಕ್ಕುಗಳು ಊರಿನ ಅಂಚಿಗೆ ಬಂದವು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯದಾದ ಒಂದು ಸಮಾಧಿ ದೊರೆತಿದೆ. ಅದರಲ್ಲಿ ಮನುಷ್ಯನ ಅಸ್ಥಿಪಂಜರದಿಂದ ಒಂದು ಮೊಳದಷ್ಟೂ ದೂರವಿಲ್ಲದಂತೆ, ಸುಮಾರು ಎಂಟು ತಿಂಗಳ ಪ್ರಾಯದ ಬೆಕ್ಕಿನ ಅಸ್ಥಿಪಂಜರವಿದೆ. ಈ ಶೋಧವನ್ನು ಫ್ರಾನ್ಸಿನ ವಿದ್ವಾಂಸರು 2004ರಲ್ಲಿ ಪ್ರಕಟಿಸಿದರು. ಆ ದ್ವೀಪದಲ್ಲಿ ನಿಸರ್ಗಸಹಜವಾಗಿ ಬೆಕ್ಕುಗಳು ಇರಲಿಲ್ಲವಾದ್ದರಿಂದ, ಅದನ್ನು ಯಾರೋ ದೋಣಿಯಲ್ಲಿ ತಮ್ಮೊಂದಿಗೆ ಕರೆದೊಯ್ದಿರಬೇಕು. ಮನುಷ್ಯನಿಗೂ ಬೆಕ್ಕಿಗೂ ಇರುವ ಸ್ನೇಹ ಅಷ್ಟು ಪುರಾತನವಾದುದು.

ಆದರೆ ಬೆಕ್ಕು ಮನುಷ್ಯನೊಡನೆ ಸ್ನೇಹ ಬೆಳೆಸಿತೇ ಹೊರತು, ಎಲ್ಲ ಬೆಕ್ಕುಗಳೊಡನೆಯೂ ಸ್ನೇಹವನ್ನು ಬೆಳೆಸಲಿಲ್ಲ. ಇದಕ್ಕೆ ಕಾರಣ ಅದರ ಆಹಾರದಲ್ಲಿದೆ. ನಾಯಿಯ ಪೂರ್ವಜರಾದ ತೋಳಗಳು ತಮಗಿಂತ ದೊಡ್ಡದಾದ ಮೃಗಗಳನ್ನು ಬೇಟೆಯಾಡುತ್ತವೆ. ಆ ಕಾರ್ಯ ಒಬ್ಬಂಟಿಗನಿಂದ ಆಗದು. ಅದಕ್ಕೆ ಗುಂಪು ಬೇಕು. ಬೆಕ್ಕಿನ ಬೇಟೆಯಾದರೋ ಇಲಿ, ಓತಿ, ಸಣ್ಣ ಹಕ್ಕಿ. ಒಂದು ಇಲಿ ಒಂದು ಬೆಕ್ಕಿನ ಊಟಕ್ಕೂ ಸಾಲದು. ಅದನ್ನು ಹಂಚಿಕೊಳ್ಳುವ ಮಾತೆಲ್ಲಿಯದು? ಆದ್ದರಿಂದ ಬೆಕ್ಕು ಒಂಟಿಯಾಗಿ ಬೇಟೆಯಾಡುವುದನ್ನು ಕಲಿಯಿತು. ಬೇಟೆಯ ನೆಲವನ್ನು ತನ್ನದೆಂದು ಕಾಯ್ದುಕೊಳ್ಳುವುದನ್ನೂ ಕಲಿಯಿತು. ಆಹಾರ ಧಾರಾಳವಾಗಿ ದೊರೆಯುವ ಕಡೆ ಬೆಕ್ಕುಗಳು ಗುಂಪಾಗಿ ಬಾಳುವುದುಂಟು. ಅಲ್ಲಿಯೂ ಗುಂಪಿನ ತಿರುಳು ತಾಯಿ, ಮಗಳು, ಅಕ್ಕ, ತಂಗಿ ಎಂಬ ರಕ್ತಸಂಬಂಧವೇ. ಹೊರಗಿನಿಂದ ಬಂದ ಬೆಕ್ಕು ಅವರ ಪಾಲಿಗೆ ಪರಕೀಯವೇ ಸರಿ.

ಹಾಗೆಂದ ಮಾತ್ರಕ್ಕೆ ಬೆಕ್ಕು ಕಲಹಪ್ರಿಯವಾದ ಪ್ರಾಣಿಯೆಂದು ತಿಳಿಯಬಾರದು. ಜರ್ಮನಿಯ ಪ್ರಾಣಿವರ್ತನ ವಿಜ್ಞಾನಿ ಪಾಲ್ ಲೈಹೌಸನ್ ಬೆಕ್ಕುಗಳ ನಡವಳಿಕೆಯನ್ನು ದೀರ್ಘಕಾಲ ಅಭ್ಯಾಸ ಮಾಡಿದವರು. ಹಲವು ಬೆಕ್ಕುಗಳು ಒಂದೇ ಹಾದಿಯನ್ನು ಬೇರೆಬೇರೆ ಹೊತ್ತಿನಲ್ಲಿ ಬಳಸುವುದನ್ನು ಅವರು ಗಮನಿಸಿದರು. ಎರಡು ಬೆಕ್ಕುಗಳು ಹಾದಿ ಕೂಡುವೆಡೆಯಲ್ಲಿ ಎದುರಾದರೆ ಎರಡೂ ದೂರದಲ್ಲಿಯೇ ಕುಳಿತು, ಒಂದನ್ನೊಂದು ನೋಡುತ್ತ, ಮತ್ತೊಂದು ಹೋಗಲೆಂದು ಕಾಯುತ್ತವೆ. ಒಂಟಿಯಾಗಿ ಬೇಟೆಯಾಡುವ ಪ್ರಾಣಿಗೆ ಗಾಯವೆಂದರೆ ಉಪವಾಸ. ಕಾಲು ಮುರಿದರೆ ತಂದು ಕೊಡುವವರಿಲ್ಲ. ಆದಕಾರಣ ಜಗಳವನ್ನು ತಪ್ಪಿಸಿಕೊಳ್ಳುವುದೇ ಬೆಕ್ಕಿನ ಮೊದಲ ನೀತಿ. ಆದರೆ ಈ ನೀತಿಯನ್ನು ಪಾಲಿಸಲು ಒಂದು ಅನುಕೂಲ ಅತ್ಯಾವಶ್ಯಕ. ಅದು ದೂರ ಸರಿಯಲು ಬೇಕಾದ ಸ್ಥಳ.

ಹಿಂದಿನ ಕಾಲದಲ್ಲಿ ಆ ಸ್ಥಳಕ್ಕೆ ಕೊರತೆಯಿರಲಿಲ್ಲ. ಅತ್ತಿಗುಪ್ಪೆ, ಹೊಸಹಳ್ಳಿ, ಮೂಡಲಪಾಳ್ಯ, ನಾಗರಭಾವಿ, ಕೆಂಗೇರಿ ಎಂಬ ಹೆಸರುಗಳೇ ಬೆಂಗಳೂರಿನ ಈ ಪಶ್ಚಿಮ ಭಾಗ ಒಮ್ಮೆ ಹಳ್ಳಿಗಳ ಸಾಲಾಗಿತ್ತೆಂಬುದನ್ನು ಹೇಳುತ್ತವೆ. ರಾಗಿಯ ಕಣಜ, ಹುಲ್ಲಿನ ಬಣವೆ, ಹಿತ್ತಿಲು, ಬೇಲಿ ಇವುಗಳ ನಡುವೆ ಬೆಕ್ಕು ತನ್ನ ಇಚ್ಛೆಯಂತೆ ಒಳಗೆ ಬಂದು ಹೊರಗೆ ಹೋಗುತ್ತಿತ್ತು. ಎದುರಾಳಿ ಬಂದರೆ ಬಣವೆಯ ಮರೆಗೆ ಸರಿಯುವುದೋ, ಹೆಂಚಿನ ಮೇಲೇರುವುದೋ ಅದಕ್ಕೆ ಕಷ್ಟವಾಗಿರಲಿಲ್ಲ. ಅನಂತರ ರಾಜಾಜಿಯವರ ಹೆಸರನ್ನು ಹೊತ್ತ ರಾಜಾಜಿನಗರ ತಲೆಯೆತ್ತಿತು. ವಿಜಯನಗರ, ಬಸವೇಶ್ವರನಗರಗಳು ಬೆಳೆದವು. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಯನ್ನು ಮುಟ್ಟಿತು. ಮನೆಗೆ ಮನೆ ತಾಗಿತು. ಒಂದು ಮನೆಯ ಕಿಟಕಿಗೂ ಮತ್ತೊಂದು ಮನೆಯ ಸಜ್ಜಕ್ಕೂ ನಡುವೆ ಕೆಲವೇ ಅಡಿಗಳ ಅಂತರ ಉಳಿಯಿತು. ವಾಹನ, ನಾಯಿ, ರೋಗ ಇವುಗಳಿಗೆ ಹೆದರಿ ಅನೇಕರು ಬೆಕ್ಕನ್ನು ಒಳಗೇ ಇರಿಸಿಕೊಂಡರು. ಅದರಲ್ಲಿ ತಪ್ಪೇನೂ ಇಲ್ಲ. ಒಳಗಿರುವ ಬೆಕ್ಕಿಗೆ ಅಪಾಯಗಳು ಕಡಿಮೆ. ಆದರೆ ಕಾಂಪೌಂಡು ಗೋಡೆ, ನೀರಿನ ತೊಟ್ಟಿ, ಕೊಳವೆಗಳ ಸಂದಿ ಇವೇ ಬೀದಿಯ ಬೆಕ್ಕುಗಳ ರಾಜಮಾರ್ಗಗಳಾದವು. ಆ ಮಾರ್ಗಗಳೆಲ್ಲ ನಮ್ಮ ಕಿಟಕಿಗಳ ಮುಂದೆಯೇ ಹಾಯುತ್ತವೆ.

ಒಳಗಿರುವ ಬೆಕ್ಕಿಗೆ ಮನೆಯೇ ರಾಜ್ಯ. ಅದರ ಗಡಿಯನ್ನು ಅದು ವಾಸನೆಯಿಂದ ಗುರುತಿಸುತ್ತದೆ. ಬೆಕ್ಕು ಕುರ್ಚಿಯ ಕಾಲಿಗೂ ಬಾಗಿಲ ಅಂಚಿಗೂ ನಮ್ಮ ಮೊಣಕಾಲಿಗೂ ಕೆನ್ನೆಯನ್ನು ಉಜ್ಜುವುದನ್ನು ನೀವು ನೋಡಿರಬಹುದು. ಅದರ ಕೆನ್ನೆ, ಗಲ್ಲ, ಪಾದ, ಬಾಲದ ಬುಡ ಇಲ್ಲೆಲ್ಲ ಸೂಕ್ಷ್ಮವಾದ ಗ್ರಂಥಿಗಳಿವೆ. ಅವು ಸ್ರವಿಸುವ ದ್ರವ್ಯದ ವಾಸನೆ ನಮ್ಮ ಮೂಗಿಗೆ ತಿಳಿಯದು. ಬೆಕ್ಕಿಗೆ ಅದು ‘ಇದು ನನ್ನದು, ಇಲ್ಲಿ ಭಯವಿಲ್ಲ’ ಎಂಬ ಬರೆಹವಿದ್ದಂತೆ. ಪರಕೀಯ ಬೆಕ್ಕು ಬಾಗಿಲ ಬಳಿ ಮೂತ್ರವನ್ನು ಸಿಂಪಡಿಸಿ ಹೋದರೆ ಆ ಬರೆಹದ ಮೇಲೆ ಮತ್ತೊಬ್ಬರ ಮುದ್ರೆ ಬಿದ್ದಂತಾಗುತ್ತದೆ. ಅಂಥ ವಾಸನೆಯನ್ನು ಗ್ರಹಿಸುವಾಗ ಬೆಕ್ಕು ಬಾಯನ್ನು ಅರೆ ತೆರೆದು, ಮೇಲ್ದುಟಿಯನ್ನೆತ್ತಿ, ವಿಚಿತ್ರವಾದ ಮುಖ ಮಾಡಿ ನಿಲ್ಲುತ್ತದೆ. ಅದರ ಅಂಗುಳಿನಲ್ಲಿ, ಮುಂದಿನ ಹಲ್ಲುಗಳ ಹಿಂದೆ, ಒಂದು ವಿಶೇಷ ಘ್ರಾಣೇಂದ್ರಿಯದ ದ್ವಾರಗಳಿವೆ. ಅದನ್ನು ವರ್ಣಿಸಿದ ಡೆನ್ಮಾರ್ಕಿನ ವೈದ್ಯನ ಹೆಸರಿನಿಂದ ಅದಕ್ಕೆ ಜಾಕಬ್‌ಸನ್ನನ ಅಂಗವೆಂದು ಹೆಸರಾಗಿದೆ.

ಕಿವಿಯ ವಿಷಯವೂ ಹೀಗೆಯೇ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಕೇಳಬಲ್ಲದು. ಬೆಕ್ಕಿನ ಕಿವಿ 60,000 ಕಂಪನಗಳನ್ನೂ ಮೀರಿದ ಧ್ವನಿಯನ್ನು ಕೇಳುತ್ತದೆ. ಸಜ್ಜದ ಮೇಲೆ ಹೆಜ್ಜೆ ಇಟ್ಟ ಬೆಕ್ಕನ್ನು ನಾವು ಕಾಣುವುದಕ್ಕೆ ಮೊದಲೇ ನಮ್ಮ ಬೆಕ್ಕು ಅರಿತಿರುತ್ತದೆ. ಆದ್ದರಿಂದಲೇ ಎಷ್ಟೋ ವೇಳೆ ಅದು ‘ಕಾರಣವಿಲ್ಲದೆ’ ಗುರುಗುಟ್ಟುತ್ತಿದೆಯೆಂದು ನಮಗೆ ತೋರುತ್ತದೆ. ಕಾರಣ ಇಲ್ಲದೆ ಇಲ್ಲ. ಅದು ನಮ್ಮ ಇಂದ್ರಿಯಗಳಿಗೆ ನಿಲುಕಿಲ್ಲ, ಅಷ್ಟೆ.

ಪರಕೀಯ ಬೆಕ್ಕನ್ನು ಕಂಡಾಗ ಮನೆಯ ಬೆಕ್ಕಿನ ದೇಹದಲ್ಲಿ ಆಗುವ ಬದಲಾವಣೆಗಳು ಒಂದು ಕ್ರಮವನ್ನು ಅನುಸರಿಸುತ್ತವೆ. ಮೊದಲು ಅದು ಸ್ತಬ್ಧವಾಗಿ ದಿಟ್ಟಿಸುತ್ತದೆ. ಕಣ್ಣಿನ ಪಾಪೆ ಹಿಗ್ಗುತ್ತದೆ. ಬಾಲದ ತುದಿ ಮಿಡುಕುತ್ತದೆ. ಕಿವಿಗಳು ಪಕ್ಕಕ್ಕೆ ತಿರುಗಿ, ಅನಂತರ ತಲೆಗೆ ಅಂಟಿಕೊಳ್ಳುತ್ತವೆ. ಡಾರ್ವಿನ್ನನು 1872ರಲ್ಲಿ ಪ್ರಕಟವಾದ, ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತ ತನ್ನ ಗ್ರಂಥದಲ್ಲಿ ಬೆಕ್ಕಿನ ಎರಡು ನಿಲುವುಗಳನ್ನು ಬೇರ್ಪಡಿಸಿ ತೋರಿಸಿದ್ದಾನೆ. ಎರಗಲು ಸಿದ್ಧವಾದ ಬೆಕ್ಕು ಮೈಯನ್ನು ನೆಲಕ್ಕೆ ತಗ್ಗಿಸಿ ಬಾಲವನ್ನು ಬಳುಕಿಸುತ್ತದೆ. ಬೆದರಿದ ಬೆಕ್ಕಾದರೋ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಮೈಗೂದಲನ್ನೆಲ್ಲ ನಿಮಿರಿಸಿ, ತಾನು ಇದ್ದುದಕ್ಕಿಂತ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ನಾವು ರೌದ್ರವೆಂದು ಭಾವಿಸುವ ಆ ರೂಪದ ಒಳಗಿರುವುದು ಬಹುಮಟ್ಟಿಗೆ ಭಯವೇ.

ಆ ಭಯ ದೇಹದೊಳಗೆ ಏನು ಮಾಡುತ್ತದೆಂಬುದನ್ನು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಬೆಕ್ಕುಗಳಲ್ಲಿಯೇ ಪರೀಕ್ಷಿಸಿ ತಿಳಿದರು. ಕ್ಷ-ಕಿರಣಗಳ ನೆರವಿನಿಂದ ಬೆಕ್ಕಿನ ಜಠರದ ಚಲನೆಯನ್ನು ನೋಡುತ್ತಿದ್ದಾಗ, ಬೆಕ್ಕು ಕಳವಳಗೊಂಡರೆ ಆ ಚಲನೆ ನಿಂತುಹೋಗುವುದನ್ನು ಅವರು ಕಂಡರು. ಬೊಗಳುವ ನಾಯಿಯನ್ನು ಕಂಡು ಬೆದರಿದ ಬೆಕ್ಕಿನ ರಕ್ತದಲ್ಲಿ ಅಡ್ರಿನಲಿನ್ ಎಂಬ ರಸ ಸೇರಿರುವುದನ್ನು 1911ರಲ್ಲಿ ಅವರು ಮತ್ತು ಅವರ ಸಹೋದ್ಯೋಗಿ ತೋರಿಸಿಕೊಟ್ಟರು. ಈ ರಸದಿಂದ ಹೃದಯದ ಬಡಿತ ತೀವ್ರವಾಗುತ್ತದೆ. ರಕ್ತ ಸ್ನಾಯುಗಳತ್ತ ಧಾವಿಸುತ್ತದೆ. ಹಸಿವು ಹಿಂದೆ ಸರಿಯುತ್ತದೆ. ಕಾದಾಡು, ಇಲ್ಲವೆ ಓಡಿಹೋಗು ಎಂಬ ಎರಡೇ ಕಾರ್ಯಗಳಿಗೆ ಇಡೀ ದೇಹ ಸಜ್ಜಾಗುತ್ತದೆ. ಪರಕೀಯ ಬೆಕ್ಕನ್ನು ಕಂಡ ದಿನ ನಮ್ಮ ಬೆಕ್ಕು ಅನ್ನವನ್ನು ಮುಟ್ಟದಿರುವುದಕ್ಕೆ ಇದೇ ಕಾರಣ.

ಈಗ ನಮ್ಮ ಬಸವೇಶ್ವರನಗರದ ಕಿಟಕಿಗೆ ಹಿಂತಿರುಗೋಣ. ಬೆಕ್ಕಿನ ದೇಹ ಕಾದಾಟಕ್ಕೂ ಓಟಕ್ಕೂ ಸಜ್ಜಾಗಿದೆ. ಆದರೆ ಕಾದಾಡೋಣವೆಂದರೆ ನಡುವೆ ಕಬ್ಬಿಣದ ಸರಳುಗಳಿವೆ. ಓಡಿಹೋಗೋಣವೆಂದರೆ ಅದು ತನ್ನ ರಾಜ್ಯದ ಗಡಿಯಲ್ಲಿಯೇ ಇದೆ, ಬಿಟ್ಟು ಹೋಗುವುದಾದರೂ ಎಲ್ಲಿಗೆ? ಇಂಥ ಇಕ್ಕಟ್ಟಿನಲ್ಲಿ ಕುದಿಯುತ್ತಿರುವಾಗ ಹಿಂದಿನಿಂದ ಯಾವುದೋ ಕೈ ಮೈಯನ್ನು ಮುಟ್ಟುತ್ತದೆ. ಅದು ಅನ್ನವಿಕ್ಕಿದ ಕೈಯೆಂದು ಗುರುತಿಸುವಷ್ಟು ವ್ಯವಧಾನ ಆ ಕ್ಷಣದಲ್ಲಿ ಬೆಕ್ಕಿಗಿಲ್ಲ. ಹೊರಗಿನ ವೈರಿಗೆಂದು ಸಿದ್ಧವಾದ ಪೆಟ್ಟು ಒಳಗಿನ ಮಿತ್ರನ ಮೇಲೆ ಬೀಳುತ್ತದೆ. ಇದನ್ನು ವಿಜ್ಞಾನಿಗಳು ದಿಕ್ಕು ಬದಲಿಸಿದ ಆಕ್ರಮಣವೆಂದು ಕರೆಯುತ್ತಾರೆ. ನಮಗೆ ಈ ವಿಷಯ ಹೊಸದಲ್ಲ. ‘ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ’ ಎಂಬ ಗಾದೆಯನ್ನು ಕೇಳದವರು ಯಾರು? ಅತ್ತೆಯನ್ನು ಎದುರಿಸಲಾರದ ಸೊಸೆ ತನ್ನ ಕೋಪವನ್ನು ಬೆಕ್ಕಿನ ಮೇಲೆ ತೀರಿಸಿಕೊಂಡಳಂತೆ. ಇಲ್ಲಿ ಸೊಸೆಯ ಸ್ಥಾನದಲ್ಲಿ ಬೆಕ್ಕೇ ಇದೆ. ಬೆಕ್ಕಿನ ಸ್ಥಾನದಲ್ಲಿ ನಾವಿದ್ದೇವೆ.

ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ ಈ ಪೆಟ್ಟು ಜೊತೆಯ ಬೆಕ್ಕಿನ ಮೇಲೂ ಬೀಳಬಹುದು. ಒಂದೇ ತಟ್ಟೆಯಲ್ಲಿ ಉಂಡು, ಒಂದನ್ನೊಂದು ನೆಕ್ಕಿ ಬೆಳೆದ ಅಕ್ಕತಂಗಿಯರು ಒಂದು ಕ್ಷಣದಲ್ಲಿ ವೈರಿಗಳಾಗುತ್ತಾರೆ. ಹೊರಗಿನ ಬೆಕ್ಕು ಹೊರಟುಹೋದ ಮೇಲೂ ಈ ಉದ್ರೇಕ ತಣಿಯಲು ಹಲವು ಗಂಟೆಗಳೇ ಹಿಡಿಯಬಹುದು. ಕೆಲವೊಮ್ಮೆ ಒಂದು ದಿನವೂ ಸಾಲದು. ಮನೆಯವರು ಕಿಟಕಿಯಾಚೆಯ ಬೆಕ್ಕನ್ನು ನೋಡಿಯೇ ಇರುವುದಿಲ್ಲ. ಆದ್ದರಿಂದ ‘ಬೆಕ್ಕಿಗೆ ಹುಚ್ಚು ಹಿಡಿಯಿತು’ ಎಂಬ ಸುಲಭವಾದ ಉತ್ತರಕ್ಕೆ ಬಂದುಬಿಡುತ್ತಾರೆ.

ಕಾರಣ ತಿಳಿದ ಮೇಲೆ ಪರಿಹಾರ ಕಷ್ಟವಲ್ಲ. ಉದ್ರಿಕ್ತವಾದ ಬೆಕ್ಕನ್ನು ಎತ್ತಿಕೊಳ್ಳಬಾರದು, ಮುಟ್ಟಬಾರದು, ಹೊಡೆಯಲಂತೂ ಬಾರದು. ಹೊಡೆತ ಅದರ ಭಯವನ್ನು ಹೆಚ್ಚಿಸುತ್ತದೆಯೇ ವಿನಾ ಕಡಿಮೆ ಮಾಡುವುದಿಲ್ಲ. ದೂರದಿಂದಲೇ ಕಿಟಕಿಯ ಪರದೆಯನ್ನು ಎಳೆದು, ದೀಪವನ್ನಾರಿಸಿ, ಕೋಣೆಯ ಬಾಗಿಲನ್ನು ಮುಚ್ಚಿ ಬರುವುದು ಉತ್ತಮ. ಕತ್ತಲೆಯಲ್ಲಿ, ಮೌನದಲ್ಲಿ, ಅದು ತಾನಾಗಿಯೇ ತಣಿಯುತ್ತದೆ. ತಣಿದ ಮೇಲೆ ಹಸಿವು ಮರಳುತ್ತದೆ. ಮುಂದೆ ಇಂಥ ಸಂದರ್ಭ ಒದಗದಂತೆ ಕಿಟಕಿಯ ಕೆಳಗಿನ ಅರ್ಧಕ್ಕೆ ಕಾಗದವನ್ನು ಅಂಟಿಸಬಹುದು. ಮೇಲಿನ ಅರ್ಧದಿಂದ ಬೆಳಕು ಬರುತ್ತದೆ. ಬಾಗಿಲ ಬಳಿ ಪರಕೀಯ ಬೆಕ್ಕು ಬಿಟ್ಟುಹೋದ ವಾಸನೆಯನ್ನು ಚೆನ್ನಾಗಿ ತೊಳೆಯಬೇಕು. ಬೀದಿಯ ಬೆಕ್ಕುಗಳಿಗೆ ಅನ್ನ ಹಾಕುವ ದಯೆಯುಳ್ಳವರು ಅದನ್ನು ತಮ್ಮ ಕಿಟಕಿಯ ಕೆಳಗೆ ಹಾಕದೆ ದೂರದಲ್ಲಿ ಹಾಕಬೇಕು. ಪಶುವೈದ್ಯರಿಂದ ಸಂತಾನಹರಣ ಚಿಕಿತ್ಸೆ ಮಾಡಿಸಿದ ಬೆಕ್ಕುಗಳಲ್ಲಿ ಅಲೆದಾಟ, ಜಗಳ, ಮೂತ್ರ ಸಿಂಪಡಿಸುವ ಚಾಳಿ ಇವು ಬಹುಮಟ್ಟಿಗೆ ತಗ್ಗುತ್ತವೆ.

ಹೊಸ ಬೆಕ್ಕೊಂದನ್ನು ಮನೆಗೆ ತರುವಾಗಲೂ ಇದೇ ತಿಳಿವಳಿಕೆ ನೆರವಾಗುತ್ತದೆ. ಎರಡನ್ನೂ ಒಮ್ಮೆಲೇ ಎದುರುಬದುರು ನಿಲ್ಲಿಸಿ ‘ಸ್ನೇಹದಿಂದಿರಿ’ ಎಂದರೆ ಅವು ಕೇಳವು. ಹೊಸದನ್ನು ಬೇರೆ ಕೋಣೆಯಲ್ಲಿರಿಸಿ, ಒಂದರ ಹಾಸುಬಟ್ಟೆಯನ್ನು ಮತ್ತೊಂದರ ಬಳಿ ಇಟ್ಟು, ಮೊದಲು ವಾಸನೆಯ ಪರಿಚಯ ಮಾಡಿಸಬೇಕು. ಮುಚ್ಚಿದ ಬಾಗಿಲಿನ ಈಚೆಗೊಂದು ಆಚೆಗೊಂದು ತಟ್ಟೆಯಿಟ್ಟು ಉಣಿಸಬೇಕು. ಅನಂತರವೇ ಅವು ದೂರದಿಂದ ನೋಡಲಿ; ಕೊನೆಗೆ ಹತ್ತಿರ ಬರಲಿ. ಇದಕ್ಕೆ ದಿನಗಳೂ ಹಿಡಿಯಬಹುದು, ವಾರಗಳೂ ಹಿಡಿಯಬಹುದು. ಅವಸರ ಮಾಡಿದರೆ ಕೆಲಸ ಕೆಡುತ್ತದೆ.

ಇನ್ನು ಬಾಲಕನ ಗಾಯದ ವಿಷಯ. ಬೆಕ್ಕಿನ ಮೇಲಿನ ಕನಿಕರದಲ್ಲಿ ಇದನ್ನು ಮರೆಯುವುದು ದೊಡ್ಡ ತಪ್ಪು. ಬೆಕ್ಕಿನ ಹಲ್ಲು ಸಣ್ಣದು, ಆದರೆ ಸೂಜಿಯಂತೆ ಆಳಕ್ಕೆ ಇಳಿಯುತ್ತದೆ; ಗಾಯ ಒಳಗೇ ಕೀವಾಗಬಹುದು. ರೇಬೀಸ್ ರೋಗ ನಾಯಿಯಿಂದ ಬರುವಂತೆ ಬೆಕ್ಕಿನಿಂದಲೂ ಬರಬಹುದು. ಕಚ್ಚಿದ ಅಥವಾ ಪರಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಮುಂತಾದುವನ್ನು ಮೆತ್ತಬಾರದು. ಕೂಡಲೇ ಆಸ್ಪತ್ರೆಗೆ ಹೋಗಿ ವೈದ್ಯರು ಹೇಳಿದ ಚುಚ್ಚುಮದ್ದನ್ನು ತಪ್ಪದೆ ಹಾಕಿಸಿಕೊಳ್ಳಬೇಕು. ಮನೆಯೊಳಗೇ ಇರುವ ಬೆಕ್ಕಿಗೂ ರೇಬೀಸ್ ನಿರೋಧಕ ಲಸಿಕೆ ಹಾಕಿಸಬೇಕು.

ಕೊನೆಯದಾಗಿ, ಆ ಚೀಲದ ಮಾತು. ಬೆಕ್ಕನ್ನು ಚೀಲದಲ್ಲಿ ಕಟ್ಟಿ, ದಾರಿ ಗುರುತು ಹತ್ತದಂತೆ ದೂರ ಒಯ್ದು ಬಿಡುವ ಪದ್ಧತಿ ನಮ್ಮಲ್ಲಿ ಹಳೆಯದು. ಬಿಟ್ಟು ಬಂದವರು ‘ಅಲ್ಲಿ ಇಲಿ ಹಿಡಿದು ಬದುಕಿಕೊಳ್ಳುತ್ತದೆ’ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ಆ ಬೆಕ್ಕಿಗೆ ಏನಾಗುತ್ತದೆಂಬುದನ್ನು ಈಗ ನಾವು ಊಹಿಸಬಲ್ಲೆವು. ಚೀಲದ ಬಾಯಿ ಬಿಚ್ಚಿದ ಆ ನೆಲ ಖಾಲಿಯಾಗಿರುವುದಿಲ್ಲ. ಅದು ಆಗಲೇ ಬೇರೊಂದು ಬೆಕ್ಕಿನ ರಾಜ್ಯ. ಅಲ್ಲಿನ ಕಲ್ಲು, ಕಂಬ, ಗೋಡೆಗಳ ಮೇಲೆಲ್ಲ ಬೇರೆಯವರ ಬರೆಹವಿದೆ. ಬೇಟೆಯ ಅಭ್ಯಾಸವಿಲ್ಲದ, ಹೊಸ್ತಿಲನ್ನೇ ದಾಟದ ಈ ಬೆಕ್ಕು ಅಲ್ಲಿ ಎಲ್ಲರಿಗೂ ಪರಕೀಯ. ಯಾವ ಅಪರಿಚಿತನನ್ನು ಕಂಡು ಅದು ಕಿಟಕಿಯ ಹಿಂದೆ ನಡುಗಿತೋ, ಆ ಅಪರಿಚಿತನ ಪಾತ್ರವನ್ನೇ ಅದು ವಹಿಸಬೇಕಾಗುತ್ತದೆ. ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ನಿಷ್ಕಾರಣವಾಗಿ ತೊರೆಯುವುದನ್ನು 1960ರ ಪ್ರಾಣಿಹಿಂಸೆ ತಡೆ ಅಧಿನಿಯಮವು ಹಿಂಸೆಯೆಂದೇ ಪರಿಗಣಿಸಿ ದಂಡನೆಯನ್ನು ವಿಧಿಸಿದೆ.

ನಾವು ಕಲ್ಪಿಸಿಕೊಂಡ ಮನೆಯವರಿಗೆ ಇಷ್ಟು ತಿಳಿದಿದ್ದರೆ ಚೀಲವನ್ನು ಮಡಿಸಿ ಅಟ್ಟದ ಮೇಲಿಡುತ್ತಿದ್ದರು. ಬಾಲಕನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಕಿಟಕಿಯ ಕೆಳಗಿನ ಗಾಜಿಗೆ ಕಾಗದವನ್ನು ಅಂಟಿಸುತ್ತಿದ್ದರು. ಬೆಕ್ಕು ಮಾರನೆಯ ದಿನ ಹಾಲಿನ ಬಟ್ಟಲಿನ ಬಳಿಗೆ ಮರಳುತ್ತಿತ್ತು; ಕೆಲವು ದಿನಗಳ ತರುವಾಯ ಬಾಲಕನ ಮೊಣಕಾಲಿಗೂ ಕೆನ್ನೆಯನ್ನು ಉಜ್ಜುತ್ತಿತ್ತು. ಸಜ್ಜದ ಮೇಲಿನ ಆ ಗಂಡು ಬೆಕ್ಕಿನ ಮೇಲೂ ಅವರು ಕಲ್ಲೆಸೆಯುತ್ತಿರಲಿಲ್ಲ. ಅದು ಬಂದುದು ಯುದ್ಧಕ್ಕಲ್ಲ. ಆ ಹೊತ್ತಿನಲ್ಲಿ ಅದು ನಡೆಯುವ ಹಾದಿ ಅಲ್ಲಿತ್ತು, ಅಷ್ಟೆ.